ತಣ್ಣಗಿದ್ದಾಗ ಚೆನ್ನಾಗಿದ್ದ ಬೀಜದ ಆಲೂಗಡ್ಡೆ ಬೆಚ್ಚಗಾದ ಮೇಲೆ ಕೊಳೆಯಿತು. ಮೊದಲೇ ಪತ್ತೆ ಮಾಡುವುದು ಹೇಗೆ?

ಕಣ್ಣುಮೊಳಕೆ ಕೇಳಿದ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ. ಹೋದ ಸಲ ನನಗೆ ಆದದ್ದು ಈ ಸಲ ಆಗಬಾರದು.

ಬೀಜದ ಆಲೂಗಡ್ಡೆಯನ್ನು ನಾನೇ ಬೆಳೆದು ನಾನೇ ತಣ್ಣನೆ ಕೋಣೆಯಲ್ಲಿ ಇಡುತ್ತೇನೆ. ಕೋಣೆ 3 ಡಿಗ್ರಿಯಲ್ಲಿ ಇರುತ್ತದೆ. ಹೋದ ಸಲ ಬಿತ್ತನೆಗೆ ನಾಲ್ಕು ದಿನ ಇದೆ ಅನ್ನುವಾಗ ಹೊರಗೆ ತೆಗೆದೆ. ಗೆಡ್ಡೆ ಗಟ್ಟಿ ಇತ್ತು, ಸಿಪ್ಪೆ ನುಣ್ಣಗಿತ್ತು. ಅಲ್ಲೊಂದು ಇಲ್ಲೊಂದು ಸಣ್ಣ ಕುಳಿ ಕಂಡಿತು. ಕೀಳುವಾಗ ಪೆಟ್ಟು ಬಿದ್ದಿರಬೇಕು ಅಂದುಕೊಂಡೆ. 20 ಗೆಡ್ಡೆ ಕೊಯ್ದು ನೋಡಿದೆ, ಇಪ್ಪತ್ತೂ ಒಳಗೆ ಬೆಳ್ಳಗಿದ್ದವು. ಸಮಾಧಾನ ಆಯಿತು. ಅವತ್ತೇ ಎಲ್ಲವನ್ನೂ ಎರಡೆರಡು ಹೋಳು ಮಾಡಿ ರಾಶಿ ಹಾಕಿದೆ. ಒಣಗಬಾರದು ಅಂತ ಮೇಲೆ ಚೀಲ ಹೊದಿಸಿದೆ. ನಾಲ್ಕನೇ ದಿನ ಬಿತ್ತಿದೆ.

ಸಾಲಿನಲ್ಲಿ ಹತ್ತಕ್ಕೆ ಮೂರು ಗಿಡ ಏಳಲೇ ಇಲ್ಲ. ಎದ್ದವುಗಳಲ್ಲೂ ಕೆಲವು ಸೊರಗಿದ್ದವು, ಒಂದೇ ಒಂದು ಬಡಕಲು ಕಾಂಡ. ಮಂಡಿಯೂರಿ ಕೂತು ಬೆರಳಿನಿಂದ ಮಣ್ಣು ಬಗೆದೆ. ಹೋಳು ಹಾಕಿದಲ್ಲೇ ಇತ್ತು. ಎತ್ತಿದರೆ ಬೆಂಡಿನ ಹಾಗೆ ಹಗುರ. ಮುರಿದೆ. ಒಳಗೆ ಕಂದು ಪುಡಿ, ನಡುವೆ ಪೊಳ್ಳು, ಪೊಳ್ಳಿನ ಗೋಡೆಗೆ ಹತ್ತಿಯಂಥ ಬಿಳಿ ಬೂಷ್ಟು. ಬೂಷ್ಟಿನ ಅಂಚಿನಲ್ಲಿ ತಿಳಿ ಗುಲಾಬಿ ಬಣ್ಣ. ಕೆಟ್ಟ ವಾಸನೆ ಇರಲಿಲ್ಲ. ಇನ್ನು ಕೆಲವು ಕಡೆ ಹೋಳು ಕರಗಿ ಲೋಳೆ ಆಗಿತ್ತು, ಅದು ಮಾತ್ರ ಮೂಗು ಮುಚ್ಚಿಕೊಳ್ಳುವಷ್ಟು ನಾರುತ್ತಿತ್ತು. ಇಡೀ ವರ್ಷದ ಕೆಲಸ ಹಾಗೆ ಮಣ್ಣಲ್ಲಿ ಕರಗಿರುವುದನ್ನು ನೋಡಿ ಹೊಟ್ಟೆ ಉರಿಯಿತು.

ಈ ಸಲದ ಗೆಡ್ಡೆ ಒಳಗೆ ಹೋಗಿ ಎರಡು ತಿಂಗಳಾಯಿತು. ಬಿತ್ತನೆಗೆ ಇನ್ನೂ ಏಳು ವಾರ ಇದೆ. ಒಟ್ಟು ಆರು ಪೆಟ್ಟಿಗೆ. ನಿನ್ನೆ ಒಂದು ಪೆಟ್ಟಿಗೆಯ ಮೇಲಿನಿಂದ ಹತ್ತಾರು ಗೆಡ್ಡೆ ತೆಗೆದು ತೊಳೆದೆ. ಕೆಲವುಗಳ ಮೇಲೆ ಬೆಳ್ಳಿ ಬಣ್ಣದ ಹೊಳಪು ಕಲೆ ಇದೆ. ಕೆಲವಕ್ಕೆ ಎಷ್ಟು ತೊಳೆದರೂ ಹೋಗದ ಕಪ್ಪು ಚುಕ್ಕೆ. ಎರಡರ ಮೇಲೆ ಹೆಬ್ಬೆರಳು ಒತ್ತಿದ ಹಾಗೆ ಸಣ್ಣ ತಗ್ಗು.

ಇವುಗಳಲ್ಲಿ ಯಾವುದಕ್ಕೆ ಹೆದರಬೇಕು? ಎಷ್ಟು ಗೆಡ್ಡೆ ನೋಡಿದರೆ ನಂಬಬಹುದು? ಲ್ಯಾಬಿಗೆ ಕಳಿಸಿ ಪಿಸಿಆರ್, ಅಂದರೆ ಡಿಎನ್‌ಎ ಪರೀಕ್ಷೆ, ಮಾಡಿಸುವುದು ಒಳ್ಳೆಯದಾ? ಈಗಲೇ ಗೊತ್ತಾದರೆ ಬೇರೆ ಬೀಜ ಹುಡುಕುವುದಕ್ಕೆ ಸಮಯ ಇದೆ.

ಪೆಟ್ರಿತಟ್ಟೆ ಬರೆದ ಉತ್ತರ:

ಹೋದ ಸಲದ ಹೋಳನ್ನು ನೀವು ವಿವರಿಸಿದ ರೀತಿಯಲ್ಲೇ ರೋಗದ ಗುರುತು ಇದೆ. ಕಂದು ಪುಡಿ, ಪೊಳ್ಳು, ಬಿಳಿ-ಗುಲಾಬಿ ಬೂಷ್ಟು, ವಾಸನೆ ಇಲ್ಲ. ಅದು ಫ್ಯುಸೇರಿಯಮ್ ಅನ್ನುವ ಶಿಲೀಂಧ್ರದ ಒಣ ಕೊಳೆ. ಲೋಳೆ ಆಗಿ ನಾರಿದ್ದು ಬ್ಯಾಕ್ಟೀರಿಯಾ, ಮೊದಲು ಬಂದ ಕೊಳೆಯ ಬೆನ್ನು ಹಿಡಿದು ಬರುತ್ತದೆ. ನಾನು ಬಿತ್ತನೆ ಗೆಡ್ಡೆ ಪರೀಕ್ಷೆ ಮಾಡುವ ಮೇಜಿನ ಮುಂದೆ ತುಂಬಾ ವರ್ಷ ಕೂತವನು. ಈ ಕಥೆಯನ್ನು ಪ್ರತಿ ವರ್ಷ ಕೇಳಿದ್ದೇನೆ. ಎಲ್ಲರೂ ಹೇಳುವುದು ಒಂದೇ ಮಾತು: ಒಳಗಿದ್ದಾಗ ಚೆನ್ನಾಗಿಯೇ ಇತ್ತು.

ಚೆನ್ನಾಗಿ ಇರಲಿಲ್ಲ, ಚೆನ್ನಾಗಿ ಕಂಡಿತು ಅಷ್ಟೆ. 3 ಡಿಗ್ರಿಯಲ್ಲಿ ಫ್ಯುಸೇರಿಯಮ್ ಸಾಯುವುದಿಲ್ಲ, ತೆವಳುತ್ತಾ ಇರುತ್ತದೆ. 15ರಿಂದ 20 ಡಿಗ್ರಿ ಸಿಕ್ಕಿತೋ, ಓಡಲು ಶುರು ಮಾಡುತ್ತದೆ. ಹಾಗಾಗಿ ತಣ್ಣನೆ ಗೆಡ್ಡೆ ನೋಡಿ ಬೀಜ ಸರಿ ಇದೆ ಅಂತ ತೀರ್ಮಾನ ಮಾಡಬೇಡಿ. ಬಿತ್ತನೆಗೆ ಮುಂಚೆಯೇ ಒಂದಿಷ್ಟು ಗೆಡ್ಡೆಯನ್ನು ಹೊರಗೆ ತಂದು, ಬೆಚ್ಚಗೆ ಮಾಡಿ, ಎರಡು ಮೂರು ವಾರ ಕಾದು, ಆಮೇಲೆ ಕೊಯ್ದು ನೋಡಿ. ನಿಮಗೆ ಏಳು ವಾರ ಇದೆ. ಸರಿಯಾದ ಹೊತ್ತಿಗೆ ಕೇಳಿದ್ದೀರಿ.

ಮೊದಲು ಎಷ್ಟು ಅನ್ನುವುದಕ್ಕೆ ಬರುತ್ತೇನೆ. 100ಕ್ಕೆ 5 ಗೆಡ್ಡೆಗೆ ರೋಗ ಇದೆ ಅಂದುಕೊಳ್ಳಿ. ನೀವು 20 ಕೊಯ್ದರೆ ಒಂದೂ ಕೈಗೆ ಸಿಗದೆ ಇರುವ ಸಾಧ್ಯತೆ ಮೂರರಲ್ಲಿ ಒಂದಕ್ಕಿಂತ ಜಾಸ್ತಿ. 100ಕ್ಕೆ 1 ಆಗಿದ್ದರೆ ಆ 20 ಗೆಡ್ಡೆ ಏನೂ ಹೇಳುವುದಿಲ್ಲ, ಹತ್ತರಲ್ಲಿ ಎಂಟು ಸಲ ತಪ್ಪಿಸಿಕೊಳ್ಳುತ್ತದೆ. 100ಕ್ಕೆ 1 ಇದ್ದರೂ ಸಿಗಲೇಬೇಕು ಅಂದರೆ 300 ನೋಡಬೇಕು. ಅಷ್ಟು ನೋಡಿದರೆ ತಪ್ಪಿಸಿಕೊಳ್ಳುವ ಸಾಧ್ಯತೆ ನೂರಕ್ಕೆ ಐದಕ್ಕೆ ಇಳಿಯುತ್ತದೆ. 100ಕ್ಕೆ 5 ಇದ್ದರೆ ಸಿಕ್ಕರೆ ಸಾಕು ಅಂದರೆ 60 ಗೆಡ್ಡೆ ಸಾಕು. ನಿಮ್ಮ ಆರು ಪೆಟ್ಟಿಗೆಯಿಂದ ತಲಾ 50 ತೆಗೆಯಿರಿ, ಲೆಕ್ಕ ಸರಿಹೋಗುತ್ತದೆ.

ಆದರೆ ಮೇಲಿನಿಂದ ಮಾತ್ರ ತೆಗೆಯಬೇಡಿ. ಕೊಳೆ ಪೆಟ್ಟಿಗೆಯಲ್ಲಿ ಸಮನಾಗಿ ಹರಡಿರುವುದಿಲ್ಲ, ಗುಂಪು ಗುಂಪಾಗಿ ಇರುತ್ತದೆ. ಮೇಲೆ, ನಡು, ತಳ, ಮೂಲೆ, ಎಲ್ಲ ಕಡೆಯಿಂದ ಬರಲಿ. ಕೈ ಹಾಕಿದಾಗ ಸಿಕ್ಕಿದ್ದನ್ನೇ ತೆಗೆಯಿರಿ. ಕಣ್ಣಿಗೆ ಚಂದ ಕಂಡಿದ್ದನ್ನು ಆರಿಸಿದರೆ ಲೆಕ್ಕ ಕೆಟ್ಟಿತು, ಕೆಟ್ಟದ್ದನ್ನೇ ಆರಿಸಿದರೂ ಕೆಟ್ಟಿತು. ಪ್ರತಿ ಪೆಟ್ಟಿಗೆಯ ಗೆಡ್ಡೆ ಬೇರೆ ಬೇರೆ ಇಟ್ಟು ಹೆಸರು ಬರೆಯಿರಿ. ಇದನ್ನು ಮರೆಯಬೇಡಿ, ಆಮೇಲೆ ಬಹಳ ಉಪಯೋಗಕ್ಕೆ ಬರುತ್ತದೆ.

ಇನ್ನು ನೋಡುವ ಕೆಲಸ. ತಣ್ಣೀರಿನಲ್ಲಿ ಮೆಲ್ಲಗೆ ತೊಳೆಯಿರಿ. ಬ್ರಷ್ ಹಾಕಿ ಉಜ್ಜಿದರೆ ಗುರುತೂ ಹೋಗುತ್ತದೆ, ಹೊಸ ಗಾಯವೂ ಆಗುತ್ತದೆ. ಒದ್ದೆ ಇರುವಾಗಲೇ ಒಮ್ಮೆ ನೋಡಿ, ಒಣಗಿದ ಮೇಲೆ ಇನ್ನೊಮ್ಮೆ ನೋಡಿ.

ಒದ್ದೆ ಸಿಪ್ಪೆಯ ಮೇಲೆ ಬೆಳ್ಳಿ ಹೊಳಪು ಕಂಡರೆ ಎರಡರಲ್ಲಿ ಒಂದು. ಹತ್ತು ಪಟ್ಟು ದೊಡ್ಡದು ಮಾಡುವ ಕೈ ಲೆನ್ಸ್ ಬೇಕು. ಕಲೆಯ ಒಳಗೆಲ್ಲ ಸೂಜಿಮೊನೆಯಂಥ ಕಪ್ಪು ಚುಕ್ಕೆ ಚೆಲ್ಲಿದ ಹಾಗಿದ್ದರೆ ಅದು ಕೊಲೆಟೋಟ್ರೈಕಮ್, ಬ್ಲ್ಯಾಕ್ ಡಾಟ್ ಅನ್ನುತ್ತಾರೆ. ಚುಕ್ಕೆ ಇಲ್ಲದೆ ಅಂಚಿನಲ್ಲಿ ಮಸಿ ಒರೆಸಿದ ಹಾಗೆ ಕಂಡರೆ ಹೆಲ್ಮಿಂಥೋಸ್ಪೋರಿಯಮ್ ಸೊಲಾನಿ, ಅದೇ ಸಿಲ್ವರ್ ಸ್ಕರ್ಫ್. ಆ ಮಸಿ ಅಂದರೆ ಅದರ ಬೀಜಾಣು. ಗಾಳಿ ಬೀಸಿದಾಗ ಹಾರಿ ಪಕ್ಕದ ಗೆಡ್ಡೆಗೆ ಹೋಗುತ್ತದೆ. ಕೋಣೆಯ ಫ್ಯಾನೇ ಅದನ್ನು ಹೊತ್ತು ತಿರುಗಿಸುತ್ತದೆ. ಗೆಡ್ಡೆಯನ್ನು ಕೊಳೆಸುವುದಿಲ್ಲ, ಆದರೆ ಸಿಪ್ಪೆ ಸಡಿಲವಾಗಿ ನೀರು ಆರಿ ಸುಕ್ಕಾಗುತ್ತದೆ, ಮುಂದಿನ ಬೆಳೆಗೂ ಬೀಜದ ಜೊತೆ ಹೋಗುತ್ತದೆ.

ತೊಳೆದರೂ ಹೋಗದ ಕಪ್ಪನ್ನು ಉಗುರಿನಿಂದ ಕೆರೆದು ನೋಡಿ. ಹಕ್ಕಳೆಯ ಹಾಗೆ ಎದ್ದು ಬಂದು ಕೆಳಗಿನ ಸಿಪ್ಪೆ ಚೆನ್ನಾಗಿದ್ದರೆ ಅದು ರೈಜೋಕ್ಟೋನಿಯಾ. ಅದು ಉಗ್ರಾಣದಲ್ಲಿ ಗೆಡ್ಡೆಯನ್ನು ತಿನ್ನುವುದಿಲ್ಲ. ಮಣ್ಣಿಗೆ ಬಿದ್ದ ಮೇಲೆ ಮೊಳಕೆಯನ್ನು ಸುಡುತ್ತದೆ.

ನೀವು ಹೇಳಿದ ಮೂರರಲ್ಲಿ ನನಗೆ ಆತಂಕ ಆಗಿರುವುದು ಆ ಹೆಬ್ಬೆರಳಿನ ತಗ್ಗು. ಅದರ ಮೇಲೆ ಬೆರಳು ಆಡಿಸಿ. ಅಂಚಿನಲ್ಲಿ ಸಿಪ್ಪೆ ಸುತ್ತು ಸುತ್ತಾಗಿ ಸುಕ್ಕುಗಟ್ಟಿದೆಯಾ ನೋಡಿ, ಬಟ್ಟೆಯ ನಿರಿಗೆ ಇಟ್ಟ ಹಾಗೆ. ಒತ್ತಿದರೆ ಸ್ವಲ್ಪ ಒಳಗೆ ಹೋಗುತ್ತದಾ ನೋಡಿ. ಆಮೇಲೆ ಸರಿಯಾಗಿ ಆ ತಗ್ಗಿನ ನಡುವೆ ಕೊಯ್ಯಿರಿ. ಎಲ್ಲೋ ಒಂದು ಕಡೆ ಕೊಯ್ದರೆ ಪ್ರಯೋಜನ ಇಲ್ಲ. ಹೋದ ಸಲ ನಿಮ್ಮ 20 ಗೆಡ್ಡೆಯಲ್ಲಿ ಕೆಲವಾದರೂ ಕುಳಿಯಿಂದ ದೂರ ಕೊಯ್ದಿರಬಹುದು. ಒಣ ಕೊಳೆ ಆಗಿದ್ದರೆ ಒಳಗೆ ಕಂದು ಬಣ್ಣ ಒಂದೇ ಸಮ ಇರುವುದಿಲ್ಲ, ಕಡು ಕಂದಿನಿಂದ ತಿಳಿಗೆ ಹೋಗಿ ಆರೋಗ್ಯದ ಭಾಗಕ್ಕೆ ಸೇರಿಕೊಳ್ಳುತ್ತದೆ. ನಡುವೆ ಸಣ್ಣ ಪೊಳ್ಳು, ಅದರಲ್ಲಿ ಬೂಷ್ಟು. ಕಂದು ಭಾಗಕ್ಕೂ ಬಿಳಿ ಭಾಗಕ್ಕೂ ನಡುವೆ ಗೆರೆ ಎಳೆದ ಹಾಗೆ ಗಡಿ ಇದ್ದು, ಮೇಲೆ ಸಿಪ್ಪೆಯಲ್ಲಿ ಗುಂಡುಸೂಜಿ ತಲೆಯಂಥ ಕಪ್ಪು ಉಬ್ಬು ಇದ್ದರೆ ಅದು ಫೋಮಾ, ಗ್ಯಾಂಗ್ರೀನ್. ಅದು ಚಳಿಯಲ್ಲೇ ಬೆಳೆಯುವುದು. ತಂಪು ಪ್ರದೇಶದ ಬೀಜದಲ್ಲಿ ಜಾಸ್ತಿ.

ಕೊಯ್ದ ಮೇಲೆ ಕಾಣುವ ಬೇರೆಯವೂ ಇವೆ. ಸಿಪ್ಪೆಯ ಕೆಳಗೆ ತುಕ್ಕು ಬಣ್ಣ, ಹರಳು ಹರಳಾಗಿ, ಅಂಕುಡೊಂಕಾಗಿ ಒಳಗೆ ಇಳಿದಿದ್ದರೆ ಅಂಗಮಾರಿ, ಫೈಟಾಫ್ತೊರಾ ಇನ್‌ಫೆಸ್ಟನ್ಸ್. ಕೊಯ್ದ ಮುಖ ಮೊದಲು ಬೆಳ್ಳಗೇ ಇದ್ದು, ಅರ್ಧ ಗಂಟೆಯೊಳಗೆ ಗುಲಾಬಿ ಆಗಿ, ಆಮೇಲೆ ಕಪ್ಪಾಗುತ್ತಾ ಹೋದರೆ ಪಿಂಕ್ ರಾಟ್. ಅದಕ್ಕೇ ಹೇಳುವುದು, ಕೊಯ್ದ ಹೋಳನ್ನು ಕೂಡಲೇ ಬಿಸಾಡಬೇಡಿ. ಸಾಲಾಗಿ ಜೋಡಿಸಿಟ್ಟು ಅರ್ಧ ಗಂಟೆ ಬಿಟ್ಟು ಮತ್ತೆ ಬನ್ನಿ. ಹಿಂಡಿದರೆ ನೀರು ಸುರಿದು ಒಳಗೆಲ್ಲ ಬೂದು ಸ್ಪಂಜಿನ ಹಾಗಿದ್ದರೆ ಪೈಥಿಯಮ್. ಈ ಮೂರೂ ನಿಜವಾದ ಶಿಲೀಂಧ್ರ ಅಲ್ಲ, ನೀರು ಬೂಷ್ಟಿನ ಜಾತಿ. ಶಿಲೀಂಧ್ರಕ್ಕೆ ಹಾಕುವ ಎಲ್ಲ ಔಷಧಿ ಇವಕ್ಕೆ ನಾಟುವುದಿಲ್ಲ. ಅದಕ್ಕೇ ಹೆಸರು ಸರಿಯಾಗಿ ಗೊತ್ತಾಗಬೇಕು.

ಈಗ ಬೆಚ್ಚಗೆ ಇಡುವ ಪರೀಕ್ಷೆ. 300ನ್ನೂ ಕೊಯ್ಯಬೇಡಿ. ತಗ್ಗು, ಸುಕ್ಕು, ಅನುಮಾನ ಇರುವುದನ್ನು ಮಾತ್ರ ಇವತ್ತು ಕೊಯ್ಯಿರಿ. ಉಳಿದವನ್ನು ಕಾಗದದ ಚೀಲಕ್ಕೆ ಹಾಕಿ, ಜೊತೆಗೆ ಒದ್ದೆ ಮಾಡಿ ಹಿಂಡಿದ ಕಾಗದ ಇಟ್ಟು, ಕತ್ತಲೆಯಲ್ಲಿ 15ರಿಂದ 18 ಡಿಗ್ರಿಯಲ್ಲಿ ಮೂರು ವಾರ ಬಿಡಿ. ವಾರಕ್ಕೊಮ್ಮೆ ತೆರೆದು ನೋಡಿ. ಲೋಳೆ ಆದದ್ದನ್ನು ಲೆಕ್ಕ ಬರೆದು ಆಚೆ ಹಾಕಿ, ಇಲ್ಲದಿದ್ದರೆ ಅದರ ನೀರು ಎಲ್ಲದಕ್ಕೂ ಹತ್ತುತ್ತದೆ. ಬಿಗಿಯಾಗಿ ಕಟ್ಟಿದ ಪ್ಲಾಸ್ಟಿಕ್ ಚೀಲ ಬೇಡ. ಗಾಳಿ ಇಲ್ಲದೆ ಬ್ಯಾಕ್ಟೀರಿಯಾ ಏರಿ ಒಳ್ಳೆ ಗೆಡ್ಡೆಯೂ ಕರಗುತ್ತದೆ, ಆಗ ನಿಮಗೆ ಸಿಗುವ ಉತ್ತರ ಸುಳ್ಳು.

ಪಿಸಿಆರ್ ಬಗ್ಗೆ ಆಮೇಲೆ ಬರೆಯುತ್ತೇನೆ, ಅದಕ್ಕೆ ಬೇರೆಯೇ ಮಾತು ಬೇಕು.

ಉಗ್ರಾಣದ ಬೀಗ ಬರೆದ ಉತ್ತರ:

ಮೇಲಿನವರು ಗೆಡ್ಡೆ ನೋಡುವುದನ್ನು ಹೇಳಿದರು. ನಾನು ಕೋಣೆ ನೋಡುವುದನ್ನು ಹೇಳುತ್ತೇನೆ. ಬೀಜದ ಉಗ್ರಾಣ ನೋಡಿಕೊಳ್ಳುವುದೇ ನನ್ನ ಕೆಲಸ.

ಬೆಳಿಗ್ಗೆ ಬಾಗಿಲು ತೆಗೆದ ಕ್ಷಣ ಬರುವ ವಾಸನೆಯನ್ನು ಗಮನಿಸಿ. ಒಳಗೆ ಐದು ನಿಮಿಷ ನಿಂತರೆ ಮೂಗು ಒಗ್ಗಿಕೊಳ್ಳುತ್ತದೆ, ಆಮೇಲೆ ಏನೂ ಗೊತ್ತಾಗುವುದಿಲ್ಲ. ಆದರೆ ಒಣ ಕೊಳೆಗೆ ವಾಸನೆ ಕಡಿಮೆ. ಮೂಗನ್ನು ಮಾತ್ರ ನಂಬಿದರೆ ಅದು ತಪ್ಪಿಸಿಕೊಳ್ಳುತ್ತದೆ. ಹಾಗಾಗಿ ಥರ್ಮಾಮೀಟರ್. ಉದ್ದ ಕಡ್ಡಿಯದ್ದನ್ನು ಪೆಟ್ಟಿಗೆಯ ನಡುವಿಗೆ ಇಳಿಸಿ. ಕೊಳೆಯುವ ಗೆಡ್ಡೆ ಉಸಿರಾಡುವುದು ಜಾಸ್ತಿ, ಶಾಖ ಬಿಡುವುದೂ ಜಾಸ್ತಿ. ಆರರಲ್ಲಿ ಐದು ಪೆಟ್ಟಿಗೆ 3 ತೋರಿಸಿ ಒಂದು ಮಾತ್ರ ನಾಲ್ಕೂವರೆ ತೋರಿಸಿದರೆ ಮೊದಲು ಅದನ್ನೇ ಸುರಿದು ನೋಡಿ. ಗೋಡೆಗೆ ನೇತು ಹಾಕಿದ ಮೀಟರ್ ಕೋಣೆಯ ಗಾಳಿಯದ್ದನ್ನು ಹೇಳುತ್ತದೆ, ಗೆಡ್ಡೆಯದ್ದನ್ನಲ್ಲ. ಇಂಗಾಲದ ಡೈಆಕ್ಸೈಡ್ ಅಳೆಯುವ ಯಂತ್ರ ಇದ್ದರೆ ಅದೂ ಒಳ್ಳೆಯದೇ. ಆದರೆ ಮೊಳಕೆ ಶುರುವಾದರೂ ಅದು ಏರುತ್ತದೆ, ಗಾಳಿಕಿಂಡಿ ಮುಚ್ಚಿದ್ದರೂ ಏರುತ್ತದೆ. ಏರಿದರೆ ಹೋಗಿ ನೋಡಿ, ಅದಷ್ಟಕ್ಕೇ ಹೆದರಬೇಡಿ.

ಇನ್ನೊಂದು. ಹೊರಗಿನ ಬೆಚ್ಚನೆ ಗಾಳಿ ತಣ್ಣನೆ ಗೆಡ್ಡೆಗೆ ತಾಗಿದರೆ ಬೆವರುತ್ತದೆ. ನೀವು ಸ್ಯಾಂಪಲ್ ತೆಗೆಯಲು ಬಾಗಿಲು ತೆರೆದಿಟ್ಟುಕೊಂಡು ಗಂಟೆಗಟ್ಟಲೆ ಆರಿಸುತ್ತಾ ಕೂತರೆ ಉಳಿದ ಗೆಡ್ಡೆಗೇ ತೊಂದರೆ. ಬೇಗ ತೆಗೆದು ಬಾಗಿಲು ಹಾಕಿ.

ನಿಜವಾಗಿ ನಾನು ಕೇಳಬೇಕು ಅಂತಿರುವುದು ಬೇರೆ. ಗೆಡ್ಡೆ ಕಿತ್ತ ಮೇಲೆ ಸೀದಾ 3 ಡಿಗ್ರಿಗೆ ಇಳಿಸಿದಿರಾ? ಫ್ಯುಸೇರಿಯಮ್ ಗಟ್ಟಿ ಸಿಪ್ಪೆಯನ್ನು ತೂರಿ ಹೋಗಲಾರದು. ಗಾಯ ಬೇಕು ಅದಕ್ಕೆ. 10ರಿಂದ 15 ಡಿಗ್ರಿ, ಒಳ್ಳೆ ತೇವ, ಗಾಳಿಯಾಟ, ಎರಡು ವಾರ. ಇಷ್ಟು ಕೊಟ್ಟರೆ ಗೆಡ್ಡೆ ತಾನೇ ಗಾಯಕ್ಕೆ ಹೊಸ ತೊಗಲು ಕಟ್ಟಿಕೊಳ್ಳುತ್ತದೆ. ಆಮೇಲೆ ನಿಧಾನಕ್ಕೆ ಇಳಿಸಬೇಕು. ಕಿತ್ತ ವಾರವೇ 3 ಡಿಗ್ರಿಗೆ ತಂದರೆ ಆ ತೊಗಲು ಕಟ್ಟುವ ಕೆಲಸ ಹೆಚ್ಚುಕಡಿಮೆ ನಿಂತೇ ಹೋಗುತ್ತದೆ, ಗಾಯ ಬಾಯಿ ಬಿಟ್ಟುಕೊಂಡೇ ಇರುತ್ತದೆ.

ಹೋದ ಸಲ ತಣ್ಣಗಿರುವಾಗಲೇ ಹೋಳು ಮಾಡಿದಿರಿ ಅಂದಿರಿ. ಅದೂ ಇದೇ ತಪ್ಪು. ಜೊತೆಗೆ ರಾಶಿ ಹಾಕಿ ಚೀಲ ಹೊದಿಸಿದಿರಿ. ಒಳಗೆ ಕಾವು, ಬೆವರು, ಗಾಳಿ ಇಲ್ಲ. ಒಂದು ರೋಗದ ಗೆಡ್ಡೆ ಕೊಯ್ದ ಚಾಕು ಮುಂದಿನ ಎಷ್ಟೋ ಹೋಳಿಗೆ ಬೀಜಾಣು ಹಚ್ಚಿರುತ್ತದೆ. ಬೇಜಾರು ಮಾಡಿಕೊಳ್ಳಬೇಡಿ, ಇದನ್ನು ತುಂಬಾ ಜನ ಮಾಡುತ್ತಾರೆ. ಆದರೆ 100ಕ್ಕೆ 5 ಇದ್ದದ್ದು ಹತ್ತಕ್ಕೆ ಮೂರು ಆಗುವುದು ಹೀಗೆಯೇ.

ಪೆಟ್ರಿತಟ್ಟೆ ಬರೆದ ಉತ್ತರ:

ಉಗ್ರಾಣದ ಬೀಗ ಅವರು ಹೇಳಿದ ಗಾಯದ ಮಾತನ್ನೇ ಹಿಡಿದು ಪಿಸಿಆರ್ ಬಗ್ಗೆ ಬರೆಯುತ್ತೇನೆ.

ಪಿಸಿಆರ್ ಹುಡುಕುವುದು ಡಿಎನ್‌ಎ. ತುಂಬಾ ಸೂಕ್ಷ್ಮ. ರೋಗದ ಗುರುತು ಕಾಣುವ ಮೊದಲೇ ಹೇಳಬಲ್ಲದು. ಒಳಗೆ ಅಡಗಿ ಕೂತ ಅಂಗಮಾರಿಗೆ, ಸಿಲ್ವರ್ ಸ್ಕರ್ಫ್‌ಗೆ ನಾನು ಖಂಡಿತ ಮಾಡಿಸಿ ಅನ್ನುತ್ತೇನೆ. ಫ್ಯುಸೇರಿಯಮ್ ವಿಷಯದಲ್ಲಿ ತೊಡಕಿದೆ. ಅದು ಮಣ್ಣಿನ ವಾಸಿ. ಒಳ್ಳೆ ಗೆಡ್ಡೆಯ ಮೇಲಿನ ಮಣ್ಣಿನಲ್ಲೂ ಇರಬಹುದು. ಸಿಪ್ಪೆ ಹೆರೆದು ಕಳಿಸಿದರೆ ಫಲಿತಾಂಶ ಇದೆ ಅಂತಲೇ ಬರಬಹುದು. ಸತ್ತ ಶಿಲೀಂಧ್ರದ ಡಿಎನ್‌ಎಯನ್ನೂ ಅದು ಎಣಿಸುತ್ತದೆ. ನಿಮಗೆ ಬೇಕಾದದ್ದು ಅದು ಇದೆಯಾ ಅನ್ನುವುದಲ್ಲ, ನಿಮ್ಮ ಗೆಡ್ಡೆಯನ್ನು ಕೊಳೆಸುತ್ತದಾ ಅನ್ನುವುದು. ಅಲ್ವಾ?

ಅದಕ್ಕೆ ಗಾಯದ ಪರೀಕ್ಷೆ. ನನಗೆ ಇದರ ಮೇಲೆ ತುಂಬಾ ನಂಬಿಕೆ. ಆರೋಗ್ಯವಾಗಿ ಕಾಣುವ 50 ಗೆಡ್ಡೆ ತೆಗೆದುಕೊಳ್ಳಿ. ತೊಳೆಯಬೇಡಿ, ಅದರ ಮಣ್ಣು ಅದರ ಮೇಲೇ ಇರಲಿ. ಸಣ್ಣ ಹಲಗೆಗೆ ನಾಲ್ಕು ಮೊಳೆ ಹೊಡೆದು, ಅರ್ಧ ಸೆಂಟಿಮೀಟರ್ ಮಾತ್ರ ಹೊರಗೆ ಬರುವ ಹಾಗೆ ಮಾಡಿ. ಪ್ರತಿ ಗೆಡ್ಡೆಯ ಎರಡು ಬದಿಗೆ ಒಂದೊಂದು ಸಲ ಒತ್ತಿ. ಚೀಲಕ್ಕೆ ಹಾಕಿ ಮಣ್ಣು ಗಾಯಕ್ಕೆ ಮೆತ್ತುವ ಹಾಗೆ ನಾಲ್ಕು ಸಲ ಹೊರಳಿಸಿ. ಇನ್ನೊಂದು 50 ಗೆಡ್ಡೆ ಚೆನ್ನಾಗಿ ತೊಳೆದು, ಮೊಳೆಯನ್ನೂ ಕುದಿನೀರಿನಲ್ಲಿ ಅದ್ದಿ, ಹಾಗೇ ಗಾಯ ಮಾಡಿ. ಎರಡನ್ನೂ ಬೇರೆ ಬೇರೆ ಕಾಗದದ ಚೀಲದಲ್ಲಿ 15 ಡಿಗ್ರಿಯಲ್ಲಿ ಇಡಿ. ಮೂರು ನಾಲ್ಕು ವಾರಕ್ಕೆ ಪ್ರತಿ ಗಾಯದ ನಡುವೆ ಕೊಯ್ಯಿರಿ. ತೊಳೆದದ್ದು ಚೆನ್ನಾಗಿದ್ದು, ಮಣ್ಣು ಮೆತ್ತಿದ್ದು ಒಳಗೆ ಕಂದು ಹಿಡಿದಿದ್ದರೆ, ಈ ಬೀಜವನ್ನು ಹೋಳು ಮಾಡಿದರೆ ಏನಾಗುತ್ತದೆ ಅನ್ನುವುದು ನಿಮ್ಮ ಕಣ್ಣೆದುರೇ ಇರುತ್ತದೆ.

ಲ್ಯಾಬಿಗೆ ಕಳಿಸುವುದಾದರೆ ಕೊಳೆತ ಗೆಡ್ಡೆಯಿಂದ ಶಿಲೀಂಧ್ರ ಬೆಳೆಸಿ ನೋಡಲು ಕೇಳಿ. ಕಂದು ಮತ್ತು ಬಿಳಿ ಸೇರುವ ಗಡಿಯಿಂದ ಚೂರು ತೆಗೆದು, ಶಿಲೀಂಧ್ರ ಬೆಳೆಯಲು ಪಿಡಿಎ ಅನ್ನುವ ಆಹಾರ ಹಾಕಿದ ತಟ್ಟೆಯ ಮೇಲೆ ಇಡುತ್ತಾರೆ. ಆ ಪಿಡಿಎ ಮಾಡುವುದೇ ಆಲೂಗಡ್ಡೆಯ ತಿಳಿಯಿಂದ. ಐದರಿಂದ ಏಳು ದಿನಕ್ಕೆ ಬಣ್ಣ ಕಟ್ಟುತ್ತದೆ. ಸೂಕ್ಷ್ಮದರ್ಶಕದ ಕೆಳಗೆ ಕುಡುಗೋಲಿನ ಹಾಗೆ ಬಾಗಿದ ಬೀಜಾಣು ಕಂಡರೆ ಫ್ಯುಸೇರಿಯಮ್. ಜೀವಂತ ಶಿಲೀಂಧ್ರ ಕೈಯಲ್ಲಿದ್ದರೆ ಇನ್ನೊಂದು ಲಾಭ ಇದೆ. ಫ್ಯುಸೇರಿಯಮ್ ಸ್ಯಾಂಬುಸಿನಮ್‌ನ ಎಷ್ಟೋ ತಳಿಗಳು ಥಯಬೆಂಡಜೋಲ್ ಅನ್ನುವ ಶಿಲೀಂಧ್ರದ ಔಷಧಿಗೆ ಬಗ್ಗುವುದಿಲ್ಲ. ನಿಮ್ಮದು ಬಗ್ಗುತ್ತದಾ ಅಂತ ಅದೇ ತಟ್ಟೆಯಲ್ಲಿ ನೋಡಬಹುದು. ಸಾಮಾನ್ಯ ಪಿಸಿಆರ್ ವರದಿಯಲ್ಲಿ ಇದು ಸಿಗುವುದಿಲ್ಲ.

ಪೂರ್ತಿ ಕೊಳೆತದ್ದನ್ನು ಕಳಿಸಬೇಡಿ. ಅದರಲ್ಲಿ ಮೊದಲು ಬಂದವನು ಯಾರು, ಆಮೇಲೆ ಬಂದವನು ಯಾರು ಅಂತ ಹೇಳುವುದು ಕಷ್ಟ. ಅರ್ಧ ಕೊಳೆತ, ಅರ್ಧ ಚೆನ್ನಾಗಿರುವ ನಾಲ್ಕೈದು ಗೆಡ್ಡೆ, ಒಂದೊಂದನ್ನೂ ಒಣ ಕಾಗದದಲ್ಲಿ ಸುತ್ತಿ, ರಟ್ಟಿನ ಡಬ್ಬದಲ್ಲಿ ಕಳಿಸಿ.

ಮೊದಲ ಬೆಳೆ ಕೇಳಿದ್ದು:

ಮಧ್ಯೆ ಬಂದೆ, ಕ್ಷಮಿಸಿ. ನಾನು ಇದಕ್ಕೆ ಹೊಸಬಳು. ನನ್ನ ಬೀಜದಲ್ಲಿ ಕೊಳೆ ಒಂದೂ ಇಲ್ಲ, ಆದರೆ ಕೆಲವು ಕಣ್ಣು ಮೊಳೆಯುತ್ತಲೇ ಇಲ್ಲ. ಸಿಪ್ಪೆಯ ಮೇಲೆ ಸಣ್ಣ ಸಣ್ಣ ಕಪ್ಪು ಗುಳ್ಳೆ. ಕಿತ್ತಾಗ ಇದು ಇರಲೇ ಇಲ್ಲ, ಖಂಡಿತ. ಇದೂ ಶಿಲೀಂಧ್ರವಾ? ಮೊಬೈಲಿನಲ್ಲಿ ಫೋಟೋ ತೆಗೆದರೆ ರೋಗ ಹೇಳುವ ಆ್ಯಪ್ ಇದೆಯಲ್ಲ, ಅದರಲ್ಲಿ ಹಾಕಿದೆ. ಬರೀ ಸ್ಕ್ಯಾಬ್, ಅಂದರೆ ಸಿಪ್ಪೆಯ ಕಜ್ಜಿ ರೋಗ, ಅಂತ ಬಂತು.

ಪೆಟ್ರಿತಟ್ಟೆ ಬರೆದ ಉತ್ತರ:

ನೀವು ಸರಿಯಾಗಿ ನೋಡಿದ್ದೀರಿ. ಕೀಳುವಾಗ ಇಲ್ಲದೆ, ಒಳಗಿಟ್ಟ ಎರಡು ಮೂರು ತಿಂಗಳಿಗೆ ಮೇಲೇಳುವ ಗುಳ್ಳೆ, ಜೊತೆಗೆ ಕುರುಡಾದ ಕಣ್ಣು. ಸ್ಕಿನ್ ಸ್ಪಾಟ್ ಇರಬೇಕು, ಪಾಲಿಸೈಟ್ಯಾಲಮ್ ಅನ್ನುವ ಶಿಲೀಂಧ್ರ. ಅದು ಗೆಡ್ಡೆ ಕೊಳೆಸುವುದಿಲ್ಲ, ಕಣ್ಣನ್ನೇ ಕೊಲ್ಲುತ್ತದೆ. ಬೀಜಕ್ಕೆ ಅದೇ ದೊಡ್ಡ ನಷ್ಟ. ನೋಡಬೇಕು ಅಂದರೆ ಕಣ್ಣಿನ ಸುತ್ತ ಚಿಕ್ಕ ಬಿಲ್ಲೆಯ ಹಾಗೆ ಕೊರೆದು ತೆಗೆಯಿರಿ. ಒದ್ದೆ ಕಾಗದ ಹಾಸಿದ ಮುಚ್ಚಳದ ಡಬ್ಬದಲ್ಲಿ 15 ಡಿಗ್ರಿಯಲ್ಲಿ ಒಂದು ವಾರ ಇಡಿ. ಆಮೇಲೆ ಸೂಕ್ಷ್ಮದರ್ಶಕ ಇರುವವರಿಗೆ ತೋರಿಸಿ.

ಆ್ಯಪ್ ನೋಡುವುದು ಸಿಪ್ಪೆಯ ಬಣ್ಣವನ್ನು. ಎರಡು ರೋಗದ ಸಿಪ್ಪೆ ಒಂದೇ ಥರ ಕಂಡರೆ ಅದು ಏನು ಮಾಡೀತು? ಲೆನ್ಸ್ ಹಿಡಿದು ನೋಡುವುದನ್ನು ಕಲಿಯಿರಿ, ಒಂದೇ ವಾರದಲ್ಲಿ ಕಣ್ಣು ಪಳಗುತ್ತದೆ.

ಕಣ್ಣುಮೊಳಕೆ ಬರೆದದ್ದು, ಮೂರೂವರೆ ವಾರದ ನಂತರ:

ಎಲ್ಲ ಹೇಳಿದ ಹಾಗೇ ಮಾಡಿದೆ. ಏನಾಯಿತು ಅಂತ ಬರೆಯುವುದು ನನ್ನ ಕರ್ತವ್ಯ.

ಆರು ಪೆಟ್ಟಿಗೆ, ತಲಾ 50, ಒಟ್ಟು 300. ಮೊದಲ ದಿನವೇ ಅನುಮಾನದ ನಾಲ್ಕು ಗೆಡ್ಡೆ ಕೊಯ್ದೆ. ಆ ಹೆಬ್ಬೆರಳಿನ ತಗ್ಗಿನ ಅಂಚಿನಲ್ಲಿ ನಿರಿಗೆ ಇತ್ತು, ನೀವು ಹೇಳಿದ ಹಾಗೇ. ನಡುವೆ ಕೊಯ್ದರೆ ಒಳಗೆ ಕಡಲೆಕಾಳಿನಷ್ಟು ಪೊಳ್ಳು, ಅದರಲ್ಲಿ ಬೂಷ್ಟು. ನಾಲ್ಕರಲ್ಲಿ ಮೂರು ಒಣ ಕೊಳೆ. ನಾಲ್ಕನೆಯದು ಬರೀ ಹಳೆ ಪೆಟ್ಟು, ಒಳಗೆ ತೊಗಲು ಕಟ್ಟಿ ಆರೋಗ್ಯವಾಗಿತ್ತು. ಅದನ್ನು ನೋಡಿದ ಮೇಲೆ ಗಾಯ ಮಾಯುವುದು ಅಂದರೆ ಏನು ಅಂತ ಅರ್ಥ ಆಯಿತು.

ಉಳಿದವನ್ನು 16 ಡಿಗ್ರಿಯಲ್ಲಿ ಇಟ್ಟೆ. ಮೊದಲ ವಾರ ಏನೂ ಇಲ್ಲ. ಎರಡನೇ ವಾರ ಎರಡು ಗೆಡ್ಡೆ ಕುಸಿದವು. ಮೂರನೇ ವಾರ ಪೂರ್ತಿ ಆದ ಮೇಲೆ ಎಲ್ಲವನ್ನೂ ಕೊಯ್ದೆ. ಮೊದಲ ದಿನದ ಮೂರೂ ಸೇರಿ ಒಟ್ಟು 11. ಇವುಗಳಲ್ಲಿ ಐದಕ್ಕೆ ಹೊರಗೆ ಏನೂ ಗುರುತು ಇರಲಿಲ್ಲ, ಮೊದಲ ದಿನ ನಾನೇ ಕೈಯಲ್ಲಿ ಹಿಡಿದು ಚೆನ್ನಾಗಿದೆ ಅಂತ ಪಕ್ಕಕ್ಕೆ ಇಟ್ಟಿದ್ದೆ. ಗುಲಾಬಿ ಆಗುತ್ತದಾ ಅಂತ ಹೋಳುಗಳನ್ನು ಅರ್ಧ ಗಂಟೆ ಸಾಲಾಗಿ ಇಟ್ಟೆ. ಯಾವುದೂ ಆಗಲಿಲ್ಲ. ತುಕ್ಕು ಬಣ್ಣವೂ ಇಲ್ಲ.

ಹೆಸರು ಬರೆದದ್ದು ಎಷ್ಟು ಒಳ್ಳೆಯದಾಯಿತು ಗೊತ್ತಾ? 11ರಲ್ಲಿ 8 ಆರನೇ ಪೆಟ್ಟಿಗೆಯವು. ಥರ್ಮಾಮೀಟರ್ ಇಳಿಸಿದರೆ ಅದರ ನಡುವೆ 4.2, ಬೇರೆ ಎಲ್ಲ 3ರ ಹತ್ತಿರ. ಕುಳಿತು ನೆನಪು ಮಾಡಿಕೊಂಡೆ. ಆರನೆಯದು ಕೊನೆಯ ದಿನ ತುಂಬಿದ್ದು. ಅವತ್ತು ಕತ್ತಲಾಗುತ್ತಿತ್ತು, ಪೆಟ್ಟಿಗೆಗೆ ಎತ್ತರದಿಂದಲೇ ಸುರಿದೆವು. ಗಾಯ ಮಾಯಲು ಉಳಿದ ಐದಕ್ಕೆ ಸಿಕ್ಕ ಬೆಚ್ಚನೆ ದಿನಗಳು ಅದಕ್ಕೆ ಸಿಗಲಿಲ್ಲ, ಎರಡೇ ದಿನಕ್ಕೆ ಒಳಗೆ ತಳ್ಳಿದೆ.

ಗಾಯದ ಪರೀಕ್ಷೆಯನ್ನು ಒಂದು ಮತ್ತು ಎರಡನೇ ಪೆಟ್ಟಿಗೆಯ ಗೆಡ್ಡೆಯಲ್ಲಿ ಮಾಡಿದ್ದೆ. ನಿನ್ನೆ ಕೊಯ್ದೆ. ತೊಳೆದ 50ರಲ್ಲಿ 2 ಕಂದು. ಮಣ್ಣು ಮೆತ್ತಿದ 50ರಲ್ಲಿ 19. ಒಳ್ಳೆ ಪೆಟ್ಟಿಗೆಯದ್ದೇ ಹೀಗಿದೆ. ಹೋಳು ಮಾಡಿದ್ದರೆ ಮತ್ತೆ ಅದೇ ಆಗುತ್ತಿತ್ತು.

ಈಗ ನನ್ನ ಯೋಚನೆ ಹೀಗಿದೆ. ಆರನೇ ಪೆಟ್ಟಿಗೆ ಬಿತ್ತನೆಗೆ ಬೇಡ, ಅದನ್ನು ಇವತ್ತೇ ಬೇರೆ ಕಡೆಗೆ ಸಾಗಿಸುತ್ತೇನೆ. ಉಳಿದ ಐದರಲ್ಲಿ ಸಣ್ಣ ಗೆಡ್ಡೆ ಆರಿಸಿ ಇಡಿಯಾಗಿಯೇ ಬಿತ್ತುತ್ತೇನೆ. ದೊಡ್ಡದನ್ನು ಬಿಡುತ್ತೇನೆ, ಕಡಿಮೆ ಬಿದ್ದರೆ ಬೇರೆ ಬೀಜ ತರುತ್ತೇನೆ. ಇದು ಸರಿಯಾ?

ಉಗ್ರಾಣದ ಬೀಗ ಬರೆದ ಉತ್ತರ:

ಸರಿ ಇದೆ. ಆರನೆಯದನ್ನು ಒಳಗೆ ಸುರಿದು ಆರಿಸಬೇಡಿ, ಧೂಳಿನ ಜೊತೆ ಬೀಜಾಣು ಹಾರುತ್ತದೆ. ಪೆಟ್ಟಿಗೆ ಸಮೇತ ಹೊರಗೆ ತನ್ನಿ. ಖಾಲಿ ಪೆಟ್ಟಿಗೆಯ ಮಣ್ಣು ಕೆರೆದು, ತೊಳೆದು, ಬಿಸಿಲಿಗೆ ಒಣಗಿಸಿ. ಉಳಿದ ಐದನ್ನು ಅಲುಗಾಡಿಸುವ ಮೊದಲು 10 ಡಿಗ್ರಿ ದಾಟುವವರೆಗೆ ನಿಧಾನಕ್ಕೆ ಬೆಚ್ಚಗೆ ಮಾಡಿ. ತಣ್ಣಗಿರುವಾಗ ಸುರಿದರೆ ಸಿಪ್ಪೆಯ ಕೆಳಗೆ ಬಿರುಕು ಬಿಡುತ್ತದೆ. ಆರಿಸುವ ಮೇಜಿಗೆ ದಪ್ಪ ಕಂಬಳಿ ಹಾಸಿ.

ಪೆಟ್ರಿತಟ್ಟೆ ಬರೆದ ಉತ್ತರ:

ಇಷ್ಟು ಶ್ರದ್ಧೆಯಿಂದ ಮಾಡಿ ಬರೆದಿದ್ದೀರಿ, ಓದಿ ತುಂಬಾ ಸಂತೋಷ ಆಯಿತು. ಒಂದೇ ತಿದ್ದುಪಡಿ. 300ಕ್ಕೆ 11 ಅಂದರೆ 100ಕ್ಕೆ ಸುಮಾರು 4, ಆದರೆ ನಿಜವಾದದ್ದು 2ರಿಂದ 6ರವರೆಗೆ ಎಲ್ಲಿ ಬೇಕಾದರೂ ಇರಬಹುದು. ಆರನೆಯದು ತೆಗೆದರೆ 250ಕ್ಕೆ 3, ಅದು ಬೇರೆಯೇ ಮಟ್ಟ. ಆದರೂ ಬಿತ್ತುವ ಹಿಂದಿನ ವಾರ ಐದರಿಂದಲೂ ಇನ್ನೊಂದು 60 ತೆಗೆದು, ಬೆಚ್ಚಗಾದ ಮೇಲೆ ಸಿಪ್ಪೆ ನೋಡಿ, ತಗ್ಗು ಇದ್ದಲ್ಲಿ ಕೊಯ್ಯಿರಿ. ತಟ್ಟೆಯಲ್ಲಿ ಬೆಳೆಸಲು ಆರನೆಯದರ ಅರ್ಧ ಕೊಳೆತ ನಾಲ್ಕು ಗೆಡ್ಡೆ ಇಟ್ಟುಕೊಂಡಿದ್ದೀರಾ?

ಕಣ್ಣುಮೊಳಕೆ ಬರೆದದ್ದು:

ಇಟ್ಟುಕೊಂಡಿದ್ದೇನೆ. ಒಣ ಕಾಗದದಲ್ಲಿ ಒಂದೊಂದೇ ಸುತ್ತಿ ರಟ್ಟಿನ ಡಬ್ಬಕ್ಕೆ ಹಾಕಿದೆ. ನಾಳೆ ಬೆಳಿಗ್ಗೆ ಕಳಿಸುತ್ತೇನೆ. ತಟ್ಟೆಯಲ್ಲಿ ಯಾವ ಬಣ್ಣ ಬಂತು ಅಂತ ಇಲ್ಲೇ ಬರೆಯುತ್ತೇನೆ.